ಪೇಟೆಗೆ ಬಂದ ಪಾರ್ಸೆಲ್ ಮನೆಗೆ ಬರುವುದು ಯಾವಾಗ?

ತಲ್ಲೂರು ಪೇಟೆಯಲ್ಲಿ ಬಿಸಿಲು ಏರುವ ಹೊತ್ತಿಗೆ ಒಂದು ಬೈಕು ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಸವಾರನ ತಲೆಗಿಂತ ಎತ್ತರದ ಚೀಲ, ಮುಂದೆ ಟ್ಯಾಂಕಿನ ಮೇಲೆ ಇನ್ನೆರಡು ಪೆಟ್ಟಿಗೆ. ಹುಡುಗ ಇಳಿಯುವುದಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಮೊಬೈಲಿನ ಪಟ್ಟಿ ನೋಡುತ್ತ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾನೆ. “ಹ್ವಾಯ್, ನಿಮ್ದೊಂದ್ ಪಾರ್ಸೆಲ್ ಇತ್ತ್ ಮಾರಾಯ್ರೆ. ಪ್ಯಾಟಿ ಹತ್ರ ಬಪ್ಪುಕಾತ್ತಾ?” ಆ ಕಡೆಯಿಂದ ಏನೋ ಉತ್ತರ ಬರುತ್ತದೆ. “ಒಳಗ್ ಬಪ್ಪುಕೆ ಆತಿಲ್ಲೆ. ಇನ್ನೂ ಹೆಮ್ಮಾಡಿ, ತ್ರಾಸಿ ಎಲ್ಲ ಇತ್ತ್. ಅಂಗ್ಡಿಯಂಗೆ ಕೊಟ್ ಹೋತೆ, ಅಕ್ಕಾ?”

ಫೋನ್ ಎತ್ತಿದವರು ಎಷ್ಟೋ ಸಲ ತಲ್ಲೂರಿನಲ್ಲೇ ಇರುವುದಿಲ್ಲ. ಬೆಂಗಳೂರಿನ ಕಚೇರಿಯಲ್ಲೋ ಮುಂಬಯಿಯ ಹೋಟೆಲಿನ ಗಲ್ಲಾದಲ್ಲೋ ಕುಳಿತ ಮಗ, ಊರಿನಲ್ಲಿರುವ ಅಮ್ಮನ ಮಂಡಿನೋವಿಗೆಂದು ಪಟ್ಟಿ ತರಿಸಿರುತ್ತಾನೆ. ಈಗ ಅವನು ಅಮ್ಮನಿಗೆ ಫೋನ್ ಮಾಡಬೇಕು, ಅಮ್ಮ ಪಕ್ಕದ ಮನೆಯ ಹುಡುಗನಲ್ಲಿ ಹೇಳಬೇಕು, ಆ ಹುಡುಗ ಕಾಲೇಜಿನಿಂದ ಬರುವಾಗ ನೆನಪು ಮಾಡಿಕೊಂಡು ಅಂಗಡಿಯಿಂದ ಎತ್ತಿಕೊಂಡು ಬರಬೇಕು. ಮನೆ ಬಾಗಿಲಿಗೆ ತಲುಪಿಸುತ್ತೇವೆಂದು ಡೆಲಿವರಿ ಶುಲ್ಕ ತೆಗೆದುಕೊಂಡ ಸಾಮಾನಿಗೆ ಇಷ್ಟು ಜನರ ಉಪಕಾರ ಬೇಕು.

ಬೈಕಿನ ಹುಡುಗನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಈ ಪಾರ್ಸೆಲ್ ಪೇಟೆಯಲ್ಲೇ ನಿಲ್ಲುತ್ತದೆ ಎಂಬುದು ಬಹಳ ಮೊದಲೇ, ಸೂರತ್ತಿನದ್ದೋ ದೆಹಲಿಯದ್ದೋ ಒಂದು ಗೋದಾಮಿನಲ್ಲಿ ತೀರ್ಮಾನವಾಗಿರುತ್ತದೆ. ಮಾರುವವರು ಹೋದ ತಿಂಗಳು ಒಬ್ಬರ ಕೈಯಲ್ಲಿ ಕಳಿಸುತ್ತಿದ್ದರು, ಈ ತಿಂಗಳು ಇನ್ನೊಬ್ಬರ ಕೈಯಲ್ಲಿ ಕಳಿಸುತ್ತಾರೆ. ಆ ಬದಲಾವಣೆಯನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಸಾಮಾನಿನ ಬಣ್ಣ ಆರಿಸಬಹುದು, ಅಳತೆ ಆರಿಸಬಹುದು, ದುಡ್ಡು ಕೊಡುವ ಬಗೆ ಆರಿಸಬಹುದು. ಅದು ಯಾರ ಕೈಯಲ್ಲಿ ಬರಬೇಕು ಎಂಬುದನ್ನು ಮಾತ್ರ ಆರಿಸುವಂತಿಲ್ಲ. ನಗರದವರಿಗೆ ಇದು ಗಮನಕ್ಕೂ ಬರದ ಸಂಗತಿ. ತಲ್ಲೂರಿನಂಥ ಊರಿನಲ್ಲಿ ಸಾಮಾನು ಕೈಸೇರುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ.

ಬಾಗಿಲ ಸಂಖ್ಯೆ ಇಲ್ಲದ ವಿಳಾಸ

ಕುಂದಾಪುರದಿಂದ ಹೆದ್ದಾರಿ 66ರಲ್ಲಿ ಬೈಂದೂರಿನ ಕಡೆ ಹೊರಟು ಹೊಳೆ ದಾಟಿದರೆ ನಾಲ್ಕೈದು ಕಿಲೋಮೀಟರಿನಲ್ಲಿ ತಲ್ಲೂರು. ಇಲ್ಲಿಂದ ಒಳಗೆ ಹಟ್ಟಿಯಂಗಡಿ, ನೇರಳಕಟ್ಟೆಯ ಕಡೆಗೆ ದಾರಿ ಹೋಗುತ್ತದೆ. ಇನ್ನೊಂದು ಬದಿಗೆ ಉಪ್ಪಿನಕುದ್ರು. ಕೊಗ್ಗ ಕಾಮತರ ಯಕ್ಷಗಾನ ಗೊಂಬೆಯಾಟದಿಂದ ದೇಶದಾಚೆಗೂ ಹೆಸರು ಮಾಡಿದ ಊರು ಅದು. ಸುತ್ತ ಹೊಳೆ, ಮಧ್ಯೆ ತೆಂಗಿನ ತೋಟ, ಗದ್ದೆ, ಮನೆಗಳು. ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯ ಈ ಸೀಮೆಯಲ್ಲಿ ನಕ್ಷೆಯ ದೂರವನ್ನು ನಂಬುವಂತಿಲ್ಲ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯ ದೋಣಿಗಳು ಕಣ್ಣೆದುರೇ ಕಾಣುತ್ತವೆ. ರಸ್ತೆ ಹಿಡಿದು ಹೋಗಬೇಕಾದರೆ ತಲ್ಲೂರು, ಹೆಮ್ಮಾಡಿ, ತ್ರಾಸಿಯ ಮೇಲಿಂದ ಸುತ್ತು ಬಳಸಿ ಹದಿನೈದು ಕಿಲೋಮೀಟರಿಗೂ ಹೆಚ್ಚು. ದೂರದಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಡೆಲಿವರಿಯ ದಾರಿ ಹಾಕುವವನಿಗೆ ಈ ಹೊಳೆ ಕಾಣುವುದಿಲ್ಲ.

ನಮ್ಮ ವಿಳಾಸಗಳೂ ಹಾಗೆಯೇ. ಕ್ರಾಸು, ಮೇನು, ಬ್ಲಾಕು ಇಲ್ಲಿ ಇಲ್ಲ. ಬೈಲ್ಮನೆ, ಹಾಡಿಮನೆ, ಕೆಳಮನೆ, ಬೆಟ್ಟಿನಮನೆ ಎಂದು ಮನೆಗೊಂದು ಹೆಸರು. ಅದರ ಕೆಳಗೆ ಊರು, ಅದರ ಕೆಳಗೆ ಅಂಚೆ, ತಾಲೂಕು. ಒಂದೇ ಗ್ರಾಮದಲ್ಲಿ ಎರಡು ಮೂರು ಹೊಸಮನೆಗಳಿರುತ್ತವೆ. ಹೆಸರುಗಳೂ ಹಾಗೆಯೇ, ಒಂದೇ ಹೆಸರಿನ ನಾಲ್ಕು ಜನ. ದಾರಿ ಹೇಳಬೇಕಾದರೆ ನಾಗಬನ, ದೈವಸ್ಥಾನ, ಹಾಲಿನ ಡೈರಿ, ಶಾಲೆ, ಮೋರಿ ಇವೇ ಗುರುತು. ಗೊತ್ತಿದ್ದವರಿಗೆ ಇದರಷ್ಟು ಸ್ಪಷ್ಟವಾದ ವಿಳಾಸ ಇನ್ನೊಂದಿಲ್ಲ. ಗೊತ್ತಿಲ್ಲದವರು ಇದನ್ನೇ ‘ವಿಳಾಸ ಅಪೂರ್ಣ’ ಎಂದು ಗುರುತು ಹಾಕಿ ವಾಪಸು ಕಳಿಸುತ್ತಾರೆ.

ಆ ‘ಗೊತ್ತಿದ್ದವರು’ ಯಾರೆಂದರೆ ಪೋಸ್ಟಿನವರು. ಊರಿನ ಅಂಚೆ ಕಚೇರಿಗೆ ಬಂದ ಲಕೋಟೆಯ ಮೇಲೆ ಮನೆಯ ಹೆಸರು ಬಿಟ್ಟುಹೋಗಿದ್ದರೂ ತಂದೆಯ ಹೆಸರು ನೋಡಿ ಯಾವ ಮನೆಯೆಂದು ಹೇಳುತ್ತಾರೆ. ಮನೆಯವರು ಊರಲ್ಲಿಲ್ಲದಿದ್ದರೆ ಯಾವಾಗ ಬರುತ್ತಾರೆಂಬುದೂ ಅವರಿಗೆ ತಿಳಿದಿರುತ್ತದೆ. ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲಿವೆ. ಅಲ್ಲಿ ದುಡಿಯುವ ಗ್ರಾಮೀಣ ಅಂಚೆ ಸೇವಕರು ಬಹುಪಾಲು ಅದೇ ಊರಿನವರು, ಇಲ್ಲವೇ ಪಕ್ಕದ ಊರಿನವರು. ಯಾವ ಕಂಪನಿಯೂ ದುಡ್ಡು ಸುರಿದು ಒಂದೆರಡು ವರ್ಷದಲ್ಲಿ ಕಟ್ಟಲಾಗದ ತಿಳಿವಳಿಕೆ ಇದು.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ಅದರ ಉದ್ದೇಶ ಕಾಗದ ವಿಂಗಡಿಸುವವರ ಕೆಲಸ ಸುಲಭ ಮಾಡುವುದಾಗಿತ್ತು. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆಯ ಅಕ್ಷರಗಳು ಇವುಗಳ ಗೊಂದಲ ತಪ್ಪಲೆಂದು ಅಂಚೆ ಇಲಾಖೆ ಆರು ಅಂಕಿಗಳನ್ನು ಕೊಟ್ಟಿತು. 576 ಎಂದು ಶುರುವಾದರೆ ಉಡುಪಿ ಕಡೆ. ಉಳಿದ ಮೂರು ಅಂಕಿ ಯಾವ ಅಂಚೆ ಕಚೇರಿ ಎಂದು ಹೇಳುತ್ತದೆ. ಅಲ್ಲಿಗೆ ಅಂಕಿಯ ಕೆಲಸ ಮುಗಿಯಿತು. ಮುಂದಿನ ಕೆಲಸ ಮನುಷ್ಯನದ್ದು. ಇಂದು ಆನ್‌ಲೈನ್ ವ್ಯಾಪಾರ ಇದೇ ಆರು ಅಂಕಿಗಳನ್ನು ಎತ್ತಿಕೊಂಡು, ‘ನಿಮ್ಮ ಪಿನ್‌ಕೋಡಿಗೆ ಡೆಲಿವರಿ ಇದೆ’ ಎಂದು ಹಸಿರು ಗುರುತು ತೋರಿಸುತ್ತದೆ. ಒಂದೇ ಪಿನ್‌ಕೋಡಿನೊಳಗೆ ಹೆದ್ದಾರಿಯ ಬದಿಯ ಮನೆಯೂ ಇದೆ, ಮಳೆಗಾಲದಲ್ಲಿ ಗದ್ದೆಯ ಅಂಚಿನ ಮೇಲೆ ಕೊಡೆ ಹಿಡಿದು ನಡೆಯಬೇಕಾದ ಮನೆಯೂ ಇದೆ. ಕೊರಿಯರ್‌ನವರಲ್ಲಿ ಎರಡನೆಯದಕ್ಕೆ ‘ಓಡಿಎ’ ಎಂಬ ಹೆಸರಿದೆ, ಅಂದರೆ ಡೆಲಿವರಿ ವ್ಯಾಪ್ತಿಯ ಹೊರಗಿನದು. ಆ ಮಾತು ಕೊಳ್ಳುವವರ ಕಿವಿಗೆ ಬೀಳುವುದು ದುಡ್ಡು ಕೊಟ್ಟ ಮೇಲೆ.

ಬದಲಾಯಿಸುವುದು ಯಾಕೆ?

ಮಾರುವವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯದೇ. ಇಂದು ಸಣ್ಣ ಮಾರಾಟಗಾರ ಯಾವ ಕೊರಿಯರ್ ಜೊತೆಗೂ ನೇರ ಮಾತಾಡುವುದು ಕಡಿಮೆ. ಶಿಪ್‌ರಾಕೆಟ್‌ನಂಥ ಮಧ್ಯವರ್ತಿ ತಾಣಕ್ಕೆ ಹೋಗುತ್ತಾನೆ. ತೂಕ, ಅಳತೆ, ಪಿನ್‌ಕೋಡ್ ಹಾಕಿದರೆ ಹಲವು ಕೊರಿಯರ್‌ಗಳ ದರ ಸಾಲಾಗಿ ಬರುತ್ತದೆ. ಅಗ್ಗದ್ದನ್ನು ಒತ್ತಿದರಾಯಿತು, ಅದನ್ನೂ ತಾಣವೇ ಆರಿಸುವಂತೆ ಮಾಡಿಟ್ಟರೆ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಕೊರಿಯರ್ ಹಂಚಿಕೆಯಾಗುತ್ತದೆ. ಎರಡು ಪುಸ್ತಕ ಒಂದೇ ಅಂಗಡಿಯಿಂದ ಒಂದೇ ವಾರದಲ್ಲಿ ತರಿಸಿದವರಿಗೆ ಎರಡು ಬೇರೆ ಬೇರೆ ಕೊರಿಯರ್‌ನಿಂದ ಕರೆ ಬರುವುದು ಹೀಗೆ.

ತೂಕದ ವಿಷಯವನ್ನೂ ಹೇಳಬೇಕು. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30 ಉದ್ದ, 25 ಅಗಲ, 20 ಎತ್ತರದ ಪೆಟ್ಟಿಗೆಯಾದರೆ 15,000 ಭಾಗಿಸು 5000, ಮೂರು ಕಿಲೋ. ಒಳಗಿರುವುದು ಅರ್ಧ ಕಿಲೋದ ಹಪ್ಪಳವಾದರೂ ದರ ಮೂರು ಕಿಲೋದ್ದು. ಲಾಭವೆಲ್ಲ ಇಲ್ಲೇ ಸೋರಿಹೋಗುವುದರಿಂದ ಮಾರುವವನು ಐದು ಹತ್ತು ರೂಪಾಯಿ ಕಡಿಮೆಯಾಗುವಲ್ಲಿಗೆ ಜಿಗಿಯುತ್ತಾನೆ. ಮನೆಗೇ ಬಂದು ಪೆಟ್ಟಿಗೆ ಒಯ್ಯುವವರು, ಕ್ಯಾಶ್ ಆನ್ ಡೆಲಿವರಿಯ ದುಡ್ಡನ್ನು ಬೇಗ ಖಾತೆಗೆ ಹಾಕುವವರು ಸಿಕ್ಕಿದರೆ ಇನ್ನೂ ಒಳ್ಳೆಯದು. ವಾಪಸು ಬಂದ ಪಾರ್ಸೆಲ್ಲಿನ ಎರಡೂ ಕಡೆಯ ಖರ್ಚು ಬಹಳ ಸಲ ಅವನ ತಲೆಯ ಮೇಲೇ ಬೀಳುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಆ ಲೆಕ್ಕದಲ್ಲಿ ತಲ್ಲೂರಿನ ಕೊನೆಯ ಎರಡು ಕಿಲೋಮೀಟರಿಗೆ ಒಂದು ಸಾಲೂ ಇಲ್ಲ.

ದೊಡ್ಡವರ ಮಟ್ಟದಲ್ಲಿ ಆಗುವ ಬದಲಾವಣೆ ಇನ್ನೂ ದೊಡ್ಡದು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುವಾದ ಫ್ಲಿಪ್‌ಕಾರ್ಟ್ ಕೆಲವೇ ವರ್ಷಗಳಲ್ಲಿ ಏಕಾರ್ಟ್ ಎಂಬ ತನ್ನದೇ ಸಾಗಣೆ ಕಟ್ಟಿಕೊಂಡಿತು. 2013ರಲ್ಲಿ ಇಲ್ಲಿ ಅಂಗಡಿ ತೆರೆದ ಅಮೆಜಾನ್ ಕೂಡ ಅದೇ ದಾರಿ ಹಿಡಿಯಿತು. ಬೆಂಗಳೂರಿನದೇ ಆದ ಮೀಶೋ ಹೊರಗಿನ ಕೊರಿಯರ್‌ಗಳಿಂದ ಸಾಮಾನು ಕಳಿಸುತ್ತಿತ್ತು. 2024ರಲ್ಲಿ ವಾಲ್ಮೋ ಎಂಬ ತನ್ನ ವ್ಯವಸ್ಥೆಗೆ ತಿರುಗತೊಡಗಿತು. ಅದರ ಪಾರ್ಸೆಲ್‌ಗಳನ್ನೇ ಬಹಳವಾಗಿ ನೆಚ್ಚಿಕೊಂಡಿದ್ದ ಇಕಾಂ ಎಕ್ಸ್‌ಪ್ರೆಸ್‌ಗೆ ಅದರಿಂದ ಪೆಟ್ಟು ಬಿತ್ತು. 2025ರ ಏಪ್ರಿಲಿನಲ್ಲಿ ಡೆಲಿವರಿ ಎಂಬ ಹೆಸರಿನದೇ ಕಂಪನಿ ಅದನ್ನು 1,407 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಪೇಟೆಯ ಪತ್ರಿಕೆಗಳಿಗೆ ಇದು ಷೇರಿನ ಸುದ್ದಿ. ಹಳ್ಳಿಯ ದಾರಿಗಳಲ್ಲಿ ಇಂಥ ಬದಲಾವಣೆಯ ಅರ್ಥ, ನಿಮ್ಮ ಮನೆಯ ಗುರುತು ಹಿಡಿದುಕೊಂಡಿದ್ದ ಹುಡುಗ ನಾಳೆಯಿಂದ ಬರುವುದಿಲ್ಲ, ಹೊಸಬನೊಬ್ಬ ಫೋನ್ ಮಾಡಿ “ಲೊಕೇಶನ್ ಹಾಕಿ” ಎನ್ನುತ್ತಾನೆ ಎಂಬುದು. ಎರಡು ವರ್ಷ ಒಬ್ಬನಿಗೆ ಹೇಳಿಕೊಟ್ಟ ದಾರಿಯನ್ನು ಮತ್ತೆ ಮೊದಲಿನಿಂದ ಹೇಳಬೇಕು.

ಪುಸ್ತಕದ ಕಟ್ಟಿನ ಕಥೆ

ನನಗೆ ಇದು ತಟ್ಟಿದ್ದು ಪುಸ್ತಕದ ಮೂಲಕ. ಕನ್ನಡ ಪುಸ್ತಕ ಮಾರುವ ಒಂದು ಅಂಗಡಿಯಿಂದ ವರ್ಷಗಳಿಂದ ತರಿಸುತ್ತಿದ್ದೆ. ಕಂದು ಕಾಗದ, ಮೇಲೆ ದಾರ, ಅಂಚೆಯ ಮುದ್ರೆ. ಪೋಸ್ಟಿನವರು ಗೇಟಿನ ಹತ್ತಿರ ಬೆಲ್ಲು ಹೊಡೆದು ಕೊಟ್ಟು ಹೋಗುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮರುದಿನ ತರುತ್ತಿದ್ದರು. ಒಂದು ಸಲ ಪುಸ್ತಕ ಬರಲೇ ಇಲ್ಲ. ಟ್ರ್ಯಾಕಿಂಗ್ ನೋಡಿದರೆ ಹೆಸರು ಕೇಳದ ಕೊರಿಯರ್. ‘ಗ್ರಾಹಕರು ಲಭ್ಯವಿಲ್ಲ’ ಎಂದು ಬರೆದಿತ್ತು. ನಾನು ಇಡೀ ದಿನ ಮನೆಯಲ್ಲೇ ಇದ್ದೆ, ಯಾವ ಕರೆಯೂ ಬಂದಿರಲಿಲ್ಲ. ಮರುದಿನವೂ ಅದೇ ಬರಹ, ಆಮೇಲೆ ‘ವಿಳಾಸ ಅಪೂರ್ಣ’, ಕೊನೆಗೆ ಕಳಿಸಿದವರಿಗೇ ವಾಪಸು. ಅಂಗಡಿಗೆ ಫೋನ್ ಮಾಡಿದರೆ ಅವರಿಗೂ ಬೇಸರವೇ. “ಅಂಚೆ ದರ ಏರಿತು ಸರ್, ಅದಕ್ಕೇ ಕೊರಿಯರ್‌ಗೆ ಹೋದೆವು” ಎಂದರು. ಆ ವಿಳಾಸಕ್ಕೆ ಅದುವರೆಗೆ ಒಂದು ಪುಸ್ತಕವೂ ತಪ್ಪಿರಲಿಲ್ಲ.

ಅವರ ಮಾತು ಸುಳ್ಳಲ್ಲ. ನೋಂದಾಯಿತ ಪುಸ್ತಕ ಅಂಚೆ ಎಂಬ ಸೌಲಭ್ಯ ಹಿಂದೆ ಇತ್ತು. ಐದು ಕಿಲೋದ ಪುಸ್ತಕದ ಕಟ್ಟನ್ನು ನೂರು ರೂಪಾಯಿಯೊಳಗೆ ದೇಶದ ಯಾವ ಮೂಲೆಗೂ ಕಳಿಸಬಹುದಿತ್ತು. 2024ರ ಡಿಸೆಂಬರಿನಲ್ಲಿ, ದೊಡ್ಡ ಪ್ರಕಟಣೆಯೇನೂ ಇಲ್ಲದೆ, ಅಂಚೆ ಕಚೇರಿಯ ಕಂಪ್ಯೂಟರಿನಿಂದ ಆ ಆಯ್ಕೆ ಮಾಯವಾಯಿತು. ಅದೇ ಕಟ್ಟು ಸಾಮಾನ್ಯ ಪಾರ್ಸೆಲ್ಲಿನ ದರಕ್ಕೆ ಬಿದ್ದು ಖರ್ಚು ಎರಡು ಪಟ್ಟಿಗೂ ಹೆಚ್ಚಾಯಿತು. ನೂರೈವತ್ತು ರೂಪಾಯಿಯ ಪುಸ್ತಕ ಮಾರುವ ಸಣ್ಣ ಪ್ರಕಾಶಕರು ಏನು ಮಾಡಬೇಕು? ಹಲವರು ಕೊರಿಯರ್ ಕಡೆ ಹೊರಳಿದರು. 2025ರ ಮೇ 1ರಂದು ಇಲಾಖೆ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ತಂದಿತು. 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಕಟ್ಟು ಎಲ್ಲಿದೆ ಎಂದು ಹುಡುಕಿ ನೋಡಬಹುದು. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮದ ಪುಸ್ತಕಗಳಿಗೆ ಮಾತ್ರ. ಒಳ್ಳೆಯ ಕ್ರಮವೇ. ಆದರೆ ನಡುವಿನ ಆ ನಾಲ್ಕೈದು ತಿಂಗಳಲ್ಲಿ ಕೊರಿಯರ್‌ಗೆ ಹೋದವರು ಎಲ್ಲರೂ ಮರಳಿ ಬಂದಿಲ್ಲ. ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವ ಅಭ್ಯಾಸ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ.

ಕನ್ನಡದ ಓದುಗರಿಗೆ ಅಂಚೆಯ ಋಣ ಬಹಳ ಹಳೆಯದು. ಭಾರತದಲ್ಲಿ ವಿ.ಪಿ.ಪಿ. ಶುರುವಾದದ್ದು 1877ರಲ್ಲಿ. ಕಟ್ಟು ಕೈಗೆ ಬಂದ ಮೇಲೆ ಪೋಸ್ಟಿನವರಿಗೆ ದುಡ್ಡು, ಅವರಿಂದ ಕಳಿಸಿದವರಿಗೆ. ಇಂದು ಕ್ಯಾಶ್ ಆನ್ ಡೆಲಿವರಿ ಎಂದು ಹೊಸದರಂತೆ ಹೇಳುವುದನ್ನು ಅಂಚೆ ಇಲಾಖೆ ನೂರೈವತ್ತು ವರ್ಷದ ಹತ್ತಿರದಿಂದ ಮಾಡುತ್ತ ಬಂದಿದೆ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಅಂಚೆಯಲ್ಲಿ ಪುಸ್ತಕ ಕಳಿಸುತ್ತಲೇ ಬೆಳೆಯಿತು. ಘಟ್ಟದ ಮೇಲಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕುಳಿತು ಅಕ್ಷರ ಪ್ರಕಾಶನ ನಡೆಸಲು ಸಾಧ್ಯವಾದದ್ದೂ ಅಂಚೆ ಇದ್ದುದರಿಂದ. ಪುಸ್ತಕದಂಗಡಿ ಇಲ್ಲದ ಊರುಗಳಲ್ಲಿ ಕನ್ನಡ ಓದು ಉಳಿದದ್ದು ಈ ಕಂದು ಕಾಗದದ ಕಟ್ಟಿನಿಂದ. ಅದರ ದಾರಿ ಮುಚ್ಚಿದರೆ ಆಗುವ ನಷ್ಟ ಒಬ್ಬ ಗ್ರಾಹಕನದ್ದಷ್ಟೇ ಅಲ್ಲ.

ಪೋಸ್ಟಿನಲ್ಲಿ ದೋಷವಿಲ್ಲ ಎಂದು ನಾನು ಹೇಳುವುದಿಲ್ಲ. ಶಾಖಾ ಅಂಚೆ ಕಚೇರಿ ತೆರೆದಿರುವುದೇ ದಿನಕ್ಕೆ ನಾಲ್ಕೈದು ಗಂಟೆ. ಸರ್ವರ್ ಕೈಕೊಟ್ಟರೆ ಬಂದ ಪಾರ್ಸೆಲ್ ಕೂಡ ಅಲ್ಲೇ ಕೂರುತ್ತದೆ. 2025ರ ಮಳೆಗಾಲದಲ್ಲಿ ಇಲಾಖೆ ಹೊಸ ತಂತ್ರಾಂಶಕ್ಕೆ ಬದಲಾಗುವಾಗ ಕೆಲಸ ನಿಂತ ದಿನಗಳನ್ನು ಎಲ್ಲರೂ ಕಂಡಿದ್ದಾರೆ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವ ಪರಿಹಾರವೆಂದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು. ಬೆಲೆಬಾಳುವ ಸಾಮಾನು ಕಳಿಸುವವರು ಇದನ್ನು ನೋಡಿ ಹಿಂಜರಿದರೆ ತಪ್ಪಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನೂ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಅಕ್ಟೋಬರ್ 1ರಿಂದ ಐದು ರೂಪಾಯಿ ಮತ್ತು ತೆರಿಗೆ ಹೆಚ್ಚು ಕೊಟ್ಟರೆ ನೋಂದಣಿ, ಅಷ್ಟೇ ಕೊಟ್ಟರೆ ಓಟಿಪಿ ಡೆಲಿವರಿ ಎಂದಾಗಿದೆ.

ಓಟಿಪಿ ಎಂದ ಕೂಡಲೇ ಊರಿನ ಹಿರಿಯರ ಕಷ್ಟ ನೆನಪಾಗುತ್ತದೆ. ಸಾಮಾನು ಬಾಗಿಲಿಗೆ ಬಂದಿದೆ, ಅಜ್ಜಿ ಕೈ ಚಾಚಿ ನಿಂತಿದ್ದಾರೆ, ಆದರೆ ಅಂಕಿ ಹೋದದ್ದು ಬೆಂಗಳೂರಿನಲ್ಲಿರುವ ಮೊಮ್ಮಗಳ ಮೊಬೈಲಿಗೆ. ಅವಳು ಮೀಟಿಂಗಿನಲ್ಲಿ ಫೋನ್ ಮುಚ್ಚಿಟ್ಟಿದ್ದಾಳೆ. ಹುಡುಗ ಎರಡು ನಿಮಿಷ ಕಾಯುತ್ತಾನೆ, ಆಮೇಲೆ ಪೆಟ್ಟಿಗೆ ಮರಳಿ ಚೀಲಕ್ಕೆ. ಬರುವುದು ಸೀರೆಯಾದರೆ ನಾಳೆ ಬಂದರೂ ನಡೆಯುತ್ತದೆ. ಇನ್ಸುಲಿನ್ ಆದರೆ? ಅದು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಐಸ್ ಪ್ಯಾಕ್ ಹಾಕಿ ಕಳಿಸಿದವರು ಒಂದು ದಿನದ ದಾರಿಗೆಂದು ಲೆಕ್ಕ ಹಾಕಿರುತ್ತಾರೆ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಯಾವುದೋ ಗೋದಾಮಿನ ತಗಡಿನ ಮಾಡಿನ ಕೆಳಗೆ ಎರಡು ದಿನ ಕುಳಿತರೆ ಕೈಗೆ ಬಂದ ಔಷಧಿಯನ್ನು ನಂಬುವುದು ಹೇಗೆ? ಮದ್ದು ಮಾರುವವರು ಕೊರಿಯರ್ ಬದಲಿಸುವ ಮೊದಲು ಹಳ್ಳಿಯ ಗ್ರಾಹಕರನ್ನು ಕೇಳಲೇಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಮಳೆಗಾಲ ಬಂತೆಂದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಬೆಂಗಳೂರಿನ ಕಡೆಯಿಂದ ಬರುವ ಸಾಮಾನು ಶಿರಾಡಿಯನ್ನೋ ಆಗುಂಬೆಯನ್ನೋ ಹುಲಿಕಲ್ಲನ್ನೋ ಇಳಿದು ಬರಬೇಕು. ಒಂದಲ್ಲ ಒಂದು ಘಾಟಿಯಲ್ಲಿ ಗುಡ್ಡ ಜಾರುವುದು ಪ್ರತಿ ವರ್ಷದ ಮಾತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದಾಗ ಇದೇ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಪಾರ್ಸೆಲ್ ತಡವಾದರೆ ಯಾರೂ ದೂರುವುದಿಲ್ಲ. ಎಲ್ಲಿ ನಿಂತಿದೆ, ಯಾರನ್ನು ಕೇಳಬೇಕು ಎಂಬುದಾದರೂ ತಿಳಿಯಬೇಕು. ಅಂಚೆಯಾದರೆ ಕುಂದಾಪುರದ ಪ್ರಧಾನ ಅಂಚೆ ಕಚೇರಿಗೆ ಹೋಗಿ ಕೌಂಟರಿನಲ್ಲಿ ಕೇಳಬಹುದು. ಕೊರಿಯರ್ ಆದರೆ ಕಂಪ್ಯೂಟರಿನ ದನಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುತ್ತದೆ.

ಇಲ್ಲಿಂದ ಮಾರುವವರೂ ಇದ್ದಾರೆ. ಮನೆಯಲ್ಲೇ ಮೆಣಸು ಹುರಿದು ಕುಂದಾಪುರದ ಮಸಾಲೆ ಪುಡಿ ಮಾಡಿ, ವಾಟ್ಸ್‌ಆ್ಯಪಿನಲ್ಲಿ ಆರ್ಡರ್ ತೆಗೆದುಕೊಂಡು ಬೆಂಗಳೂರು, ಪುಣೆಗೆ ಕಳಿಸುವ ಹೆಂಗಸರು ಈ ಸುತ್ತಿನಲ್ಲಿ ಕಡಿಮೆಯಿಲ್ಲ. ಅವರಲ್ಲೊಬ್ಬರನ್ನು ಕೇಳಿದೆ. ಊರಿನವರು ಕೊಳ್ಳುವುದಾದರೆ ಪೋಸ್ಟೇ ವಾಸಿ, ಬೆಂಗಳೂರಿನ ಫ್ಲ್ಯಾಟಿಗಾದರೆ ಕೊರಿಯರ್ ಎಂದರು. ತುರ್ತಾದರೆ ಕುಂದಾಪುರದಿಂದ ರಾತ್ರಿ ಬಸ್ಸಿಗೆ ಹಾಕುತ್ತಾರೆ. ಬೆಳಿಗ್ಗೆ ಕೊಂಡವರು ಬಸ್ಸಿನ ಕಚೇರಿಗೆ ಹೋಗಿ ತೆಗೆದುಕೊಳ್ಳುತ್ತಾರೆ. ಬಸ್ಸಿನಲ್ಲಿ ಹಲಸಿನ ಹಪ್ಪಳ, ತೆಂಗಿನೆಣ್ಣೆ, ಒಣಮೀನು ಕಳಿಸುವುದು ಕರಾವಳಿಯ ಹಳೆಯ ರೂಢಿ. ಕೆ.ಎಸ್.ಆರ್.ಟಿ.ಸಿ. ಕೂಡ 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ಶುರುಮಾಡಿತು. ಯಾವ ಊರಿಗೆ ಯಾವುದು ಹೊಂದುತ್ತದೆ ಎಂದು ಆ ತಾಯಿಗೆ ತಿಳಿದಿದೆ, ಏಕೆಂದರೆ ಆಕೆ ಕೊಳ್ಳುವವರ ಜೊತೆ ಮಾತಾಡುತ್ತಾರೆ.

ಡೆಲಿವರಿ ಹುಡುಗರ ಮಾತನ್ನೂ ಕೇಳಬೇಕು. ಅವರಲ್ಲಿ ಬಹಳ ಜನಕ್ಕೆ ತಿಂಗಳ ಸಂಬಳವಿಲ್ಲ, ಒಂದು ಪಾರ್ಸೆಲ್ಲಿಗೆ ಇಷ್ಟು ಎಂದು ಲೆಕ್ಕ. ಪೆಟ್ರೋಲು ಅವರದ್ದೇ, ಬೈಕೂ ಅವರದ್ದೇ. ಪೇಟೆಯ ಬಿಲ್ಡಿಂಗಿನಲ್ಲಿ ಹತ್ತು ಪಾರ್ಸೆಲ್ ಕೊಡುವಷ್ಟು ಹೊತ್ತಿಗೆ ಇಲ್ಲಿ ಹೊಳೆ ನಡುವಿನ ಕುದ್ರಿನ ಒಂದು ಮನೆ ಮುಟ್ಟಬಹುದು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ದರವಾದರೆ ಅವನು ಒಳಗೆ ಬರುವುದು ಹೇಗೆ? ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ; ಅವರಿಗೆ ಕೊಡುವ ಹಣದ ಶೇಕಡಾ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ದೂರಕ್ಕೆ ತಕ್ಕ ಕೂಲಿಯ ಪ್ರಶ್ನೆ ಹಾಗೆಯೇ ಉಳಿದಿದೆ. ಸಾಮಾನು ಇಟ್ಟುಕೊಳ್ಳುವ ಅಂಗಡಿಯವರದ್ದೂ ಇದೇ ಕಥೆ. ಅಮೆಜಾನ್ 2015ರಲ್ಲಿ ಅಂಗಡಿಯವರನ್ನು ಪಾರ್ಸೆಲ್ ಕೆಲಸಕ್ಕೆ ಸೇರಿಸಿಕೊಂಡು ಹಣ ಕೊಡುವ ಯೋಜನೆ ಮಾಡಿತ್ತು. ನಮ್ಮ ಪೇಟೆಯ ಅಂಗಡಿಗಳಲ್ಲಿ ಅಕ್ಕಿ ಚೀಲದ ಪಕ್ಕ, ಬಾಳೆಗೊನೆಯ ಕೆಳಗೆ ಕೂರುವ ಪೆಟ್ಟಿಗೆಗಳಿಗೆ ಯಾರೂ ಕಾಸು ಕೊಡುವುದಿಲ್ಲ. ಗುರುತಿನವರು ಎಂಬ ದಾಕ್ಷಿಣ್ಯಕ್ಕೆ ಇಟ್ಟುಕೊಳ್ಳುತ್ತಾರೆ. ಒಂದು ಪೆಟ್ಟಿಗೆ ಕಾಣೆಯಾದರೆ ಮಾತು ಕೇಳಬೇಕಾದವರೂ ಅವರೇ.

ಕಾನೂನು ಏನು ಹೇಳುತ್ತದೆ ನೋಡೋಣ. 2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಗಣೆ ಮತ್ತು ಡೆಲಿವರಿಯ ಮಾಹಿತಿಯನ್ನು ಮಾರುವವರು ಕೊಡಬೇಕು, ಡೆಲಿವರಿ ಖರ್ಚನ್ನು ಬೆಲೆಯಲ್ಲಿ ಬಿಡಿಸಿ ತೋರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಪ್ರಕೃತಿ ವಿಕೋಪದಂಥ ಕಾರಣವಿದ್ದರೆ ಬೇರೆ ಮಾತು. ದೂರು ಕೊಟ್ಟರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಅಲ್ಲಿಗೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಕಾಯ್ದೆ ಬಂದ ಮೇಲೆ ಮಾರುವವನು ಸೂರತ್ತಿನಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ, ಅಂದರೆ ಉಡುಪಿಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಮುನ್ನೂರು ರೂಪಾಯಿಯ ಪುಸ್ತಕಕ್ಕೆ ಉಡುಪಿಗೆ ಅಲೆಯುವವರು ಕಡಿಮೆ, ನಿಜ. 1915ಕ್ಕೆ ಒಂದು ಕರೆ ಮಾಡುವುದು ಕಷ್ಟವಲ್ಲ. ‘ಗ್ರಾಹಕರು ಲಭ್ಯವಿಲ್ಲ’ ಎಂಬ ಸುಳ್ಳು ಬರಹದ ಚಿತ್ರ ತೆಗೆದಿಟ್ಟುಕೊಂಡು, ಆ ದಿನದ ಕರೆಗಳ ಪಟ್ಟಿಯ ಜೊತೆ ದೂರು ಕೊಟ್ಟರೆ ಮಾರುವವರು ಓಗೊಡಲೇಬೇಕಾಗುತ್ತದೆ.

ಆದರೆ ಯಾವ ಸಂಸ್ಥೆ ಸಾಮಾನು ತರುತ್ತದೆ ಎಂದು ದುಡ್ಡು ತೆಗೆದುಕೊಳ್ಳುವ ಮೊದಲೇ ಹೆಸರಿಟ್ಟು ಹೇಳುವುದು ಇಂದಿಗೂ ರೂಢಿಯಾಗಿಲ್ಲ. ಬೇಕಾದದ್ದು ಅದು. ಆರ್ಡರ್ ಮಾಡುವ ಪುಟದಲ್ಲಿ ಕೊರಿಯರಿನ ಹೆಸರು ಇರಲಿ, ಅದರ ಪಕ್ಕದಲ್ಲಿ ಅಂಚೆಯ ಆಯ್ಕೆಯೂ ಇರಲಿ, ದರ ಬೇರೆಯಾದರೆ ಎರಡನ್ನೂ ಬರೆಯಲಿ. ಒಪ್ಪಿಕೊಂಡ ಮೇಲೆ ನಡುವೆ ಬದಲಿಸಬೇಕಾಗಿ ಬಂದರೆ ಒಂದು ಸಂದೇಶ ಕಳಿಸಿ ಕೇಳಲಿ; ಬೇಡವೆಂದರೆ ಹಣ ಮರಳಿಸಲಿ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ತಂದಿದೆ. ದೇಶದ ನೆಲವನ್ನೆಲ್ಲ ನಾಲ್ಕು ಮೀಟರ್ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೆ ಹತ್ತು ಅಕ್ಷರ-ಅಂಕಿಗಳ ಗುರುತು ಕೊಟ್ಟಿದ್ದಾರೆ. ಹೊಸಮನೆ ಯಾವುದು, ಹೊಳೆಬದಿಯ ಹೊಸಮನೆ ಯಾವುದು ಎಂಬ ಗೊಂದಲ ಅದರಿಂದ ತೀರಬಹುದು. ಮನೆ ಎಲ್ಲಿದೆಯೆಂದು ಗೊತ್ತಾದ ಮೇಲೂ ಅಲ್ಲಿಗೆ ಹೋಗುವ ಮನಸ್ಸು, ಹೋದದ್ದಕ್ಕೆ ತಕ್ಕ ಕೂಲಿ ಎರಡೂ ಬೇಕಲ್ಲ.

ನಾನು ಈಗ ಪುಸ್ತಕ ತರಿಸುವುದು ಇನ್ನೊಂದು ಸಣ್ಣ ಅಂಗಡಿಯಿಂದ. ಆರ್ಡರ್ ಹಾಕಿದ ಕೂಡಲೇ ಅವರಿಂದ ವಾಟ್ಸ್‌ಆ್ಯಪಿಗೆ ಒಂದು ಸಾಲು ಬರುತ್ತದೆ, ‘ಪೋಸ್ಟಿನಲ್ಲಿ ಕಳಿಸಲೋ, ಕೊರಿಯರ್‌ನಲ್ಲೋ?’ ಎಂದು. ಪೋಸ್ಟ್ ಎಂದರೆ ಎರಡು ದಿನ ಹೆಚ್ಚು, ಕೆಲವು ಸಲ ಹತ್ತಿಪ್ಪತ್ತು ರೂಪಾಯಿಯೂ ಹೆಚ್ಚು. ಈ ಕಡೆಯ ಗ್ರಾಹಕರಲ್ಲಿ ಹೆಚ್ಚಿನವರು ಪೋಸ್ಟ್ ಎಂದೇ ಬರೆಯುತ್ತಾರಂತೆ, ಹೆಚ್ಚಿಗೆ ಹಣವನ್ನೂ ಕೂಡಲೇ ಹಾಕುತ್ತಾರಂತೆ. ಹೆದ್ದಾರಿ ಬದಿಯಲ್ಲಿ ಮನೆ ಇರುವವರು ಕೊರಿಯರ್ ಕೇಳುತ್ತಾರೆ, ಅವರಿಗೆ ಹಾಗೆಯೇ ಹೋಗುತ್ತದೆ. ಕೇಳಲು ಶುರುಮಾಡಿದ ಮೇಲೆ ವಾಪಸು ಬರುವ ಕಟ್ಟುಗಳು ಬಹಳ ಕಡಿಮೆಯಾದವು, ದರದಲ್ಲಿ ಹೋದದ್ದು ಅಲ್ಲಿ ಉಳಿಯಿತು ಎಂದು ಅಂಗಡಿಯವರು ಹೇಳಿದರು.